ಹಿಡಿಯಳತೆಯ ಲೆಕ್ಕ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಕೇಳದ ಭಕ್ತರು ನಮ್ಮ ಸೀಮೆಯಲ್ಲಿ ಇರಲಾರರು. ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ಶರಣರ ಕಾಯಕವೆಂದರೆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ತಾಯಿ ಲಕ್ಕಮ್ಮ ಅದನ್ನು ಕಂಡೊಡನೆ ಗುರುತಿಸಿ, ಹೆಚ್ಚಾದುದನ್ನು ಹಿಂದಿರುಗಿಸಲು ಪತಿಯನ್ನು ಕಳಿಸಿದರು.

ಪ್ರವಚನಕಾರರು ಈ ಪ್ರಸಂಗವನ್ನು ಆಸೆಯನ್ನು ಗೆಲ್ಲುವ ಬೋಧೆಯಾಗಿ ಹೇಳುತ್ತಾರೆ. ಅದು ಯುಕ್ತವೇ ಆಗಿದೆ. ಆದರೆ ಕೇಳುವವರ ಮನಸ್ಸಿನಲ್ಲಿ ಒಂದು ಸಣ್ಣ ಪ್ರಶ್ನೆ ಏಳಬೇಕು. ಅಕ್ಕಿ ಹೆಚ್ಚಾಗಿದೆಯೆಂದು ಆ ತಾಯಿಗೆ ತಿಳಿದದ್ದು ಹೇಗೆ? ದಿನಕ್ಕೆ ಎಷ್ಟು ಬೇಕೆಂಬುದು ಆಕೆಯ ಕೈಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೇಡವೆನ್ನಲು ಸಾಧ್ಯವಾಯಿತು. ತನ್ನ ಮನೆಗೆ ಎಷ್ಟು ಸಾಕು ಎಂಬುದನ್ನೇ ಅರಿಯದವನು ಆಸೆಯನ್ನು ಬಿಡುತ್ತೇನೆಂದರೆ ಎಲ್ಲಿಂದ ಬಿಟ್ಟಾನು?

ಇಂದು ನಮ್ಮ ಹಳ್ಳಿಗಳಲ್ಲಿ ಕಾಣದಾಗಿರುವುದು ಈ ಅಳತೆಯೇ. ಹಣ ಬರುವುದಿಲ್ಲವೆಂದಲ್ಲ. ಸುಗ್ಗಿಯ ದುಡ್ಡು ವರ್ಷಕ್ಕೊಮ್ಮೆ, ಹಾಲಿನ ಬಟವಾಡೆ ಆಗಾಗ, ಕೂಲಿ ವಾರಕ್ಕೊಮ್ಮೆ, 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ, ಕಿಸಾನ್ ಸಮ್ಮಾನ್‌ನ 6,000 ರೂಪಾಯಿ ವರ್ಷಕ್ಕೆ ಮೂರು ಕಂತಿನಲ್ಲಿ. ಹತ್ತು ಕಾಲುವೆಯ ನೀರು ಹೊಲಕ್ಕೆ ಬರುತ್ತಿದೆ, ಬದುವು ಮಾತ್ರ ಎಲ್ಲಿ ಒಡೆದಿದೆಯೋ ಯಾರಿಗೂ ತಿಳಿಯದು. ಮಗ ಫೋನಿನಲ್ಲಿ ಗೀಚಿ ಚಹಾದಂಗಡಿಗೆ ಕೊಟ್ಟ ಇಪ್ಪತ್ತು ರೂಪಾಯಿ ತಂದೆಯ ಕಣ್ಣಿಗೆ ಬೀಳುವುದಿಲ್ಲ. ಹಿಂದೆ ಅಂಗಿಯ ಕಿಸೆ ಬರಿದಾದರೆ ಕೈಗೆ ತಿಳಿಯುತ್ತಿತ್ತು.

ಇದಕ್ಕೆ ಪರಿಹಾರವೆಂದು ಕೆಲವು ಸುಶಿಕ್ಷಿತ ಯುವಕರು ದೊಡ್ಡ ಲೆಕ್ಕದ ಪುಸ್ತಕ ತರುತ್ತಾರೆ. ಉಪ್ಪಿಗೊಂದು ಕಲಂ, ಎಣ್ಣೆಗೊಂದು ಕಲಂ, ಎತ್ತಿನ ಹಿಂಡಿಗೊಂದು ಕಲಂ. ಯುಗಾದಿಗೆ ಆರಂಭವಾದ ಆ ಪುಸ್ತಕ ಕಾರಹುಣ್ಣಿಮೆಯ ಹೊತ್ತಿಗೆ ಮಾಡದಲ್ಲಿ ಧೂಳು ತಿನ್ನುತ್ತಿರುತ್ತದೆ. ಲೆಕ್ಕ ಕಠಿಣವಾದಷ್ಟೂ ಅದನ್ನು ಬಿಡುವ ದಿನ ಹತ್ತಿರ. ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೇರಿದವರು. ರಾಜ್ಯದ ಭಂಡಾರಕ್ಕೆ ಅಂಥ ಲೆಕ್ಕ ಬೇಕು. ನಾಲ್ಕು ಎಕರೆಯ ಒಕ್ಕಲಿಗೆ ಲಕ್ಕಮ್ಮನ ಲೆಕ್ಕ ಸಾಕು.

ಅದನ್ನು ಇಂದಿನ ಬಾಳಿಗೆ ಹೊಂದಿಸಿ ನೋಡೋಣ. ಸುಗ್ಗಿಯಲ್ಲಿ ಒಂದು ಮನೆಗೆ 1,50,000 ರೂಪಾಯಿ ಬಂತೆನ್ನಿ. ವರ್ಷದ ಜೋಳ, ಬೇಳೆಗಳನ್ನು ಮಾರುವ ಮೊದಲೇ ಮನೆಗೆ ತೆಗೆದಿರಿಸಿದ್ದಾಗಿದೆ. ಹಣ ಕೈಗೆ ಬಂದ ದಿನವೇ, ಮರುದಿನವಲ್ಲ, ಸೊಸೈಟಿಯ ಸಾಲಕ್ಕೆ 50,000, ಮುಂದಿನ ಬೀಜ ಗೊಬ್ಬರಕ್ಕೆ 30,000, ರೋಗರುಜಿನಕ್ಕೆಂದು ಮುಟ್ಟದಂತೆ 10,000 ಬೇರೆ ಮಾಡಬೇಕು. ಉಳಿದದ್ದು 60,000. ಹನ್ನೆರಡು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 5,000. ಮನೆಯವರೆಲ್ಲರೂ ನೆನಪಿಡಬೇಕಾದ ಅಂಕಿ ಇದೊಂದೇ. ಸಕ್ಕರೆಗೆ ಎಷ್ಟು, ಸಾಬೂನಿಗೆ ಎಷ್ಟು ಎಂದು ಯಾರೂ ಬರೆಯಬೇಕಾಗಿಲ್ಲ. ಹಾಲಿನ ದುಡ್ಡು ದನಕರುಗಳ ಮೇವು ಹಿಂಡಿಗೆ ಹೋಗಿ ಉಳಿದರೆ ಮಕ್ಕಳ ಓದಿಗೆ. ಸರ್ಕಾರದ ಹಣ ಬಂದಾಗ ಸೇರಿಸಿಕೊಳ್ಳಿ, ಬರುವ ಮೊದಲೇ ಅದನ್ನು ನಂಬಿ ಖರ್ಚು ಮಾಡಬೇಡಿ.

ಬರೆಯುವುದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಹಾಲು ಹಾಕಿದ್ದನ್ನು ನಮ್ಮ ತಾಯಂದಿರು ಅದರಲ್ಲಿಯೇ ಬರೆದು ಒಂದು ಪೈಸೆ ತಪ್ಪದಂತೆ ಲೆಕ್ಕ ಕೇಳುವುದಿಲ್ಲವೇ? ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಆ ಸಂಜೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸಿದ ಮೇಲೆ, ಆ ತಿಂಗಳ 5,000ದಲ್ಲಿ ಉಳಿದದ್ದೆಷ್ಟು ಎಂಬ ಒಂದು ಅಂಕಿಯನ್ನು ತಾರೀಖಿನ ಕೆಳಗೆ ಬರೆದರಾಯಿತು. ಫೋನಿನಲ್ಲಿ ಹೋದ ಹಣವನ್ನು ಮಗನೇ ಅಂದು ಬಾಯಿಬಿಟ್ಟು ಹೇಳಲಿ. ಸೊಸೆಯೂ ಆ ಅಂಕಿಯನ್ನು ನೋಡುವಂತಿರಬೇಕು. ಯಜಮಾನನೊಬ್ಬನ ಎದೆಯಲ್ಲಿ ಬಚ್ಚಿಟ್ಟ ಲೆಕ್ಕದಿಂದ ಎಷ್ಟು ಮನೆಗಳು ಮುಳುಗಿವೆಯೆಂಬುದನ್ನು ಊರಿನ ಹಿರಿಯರು ಬಲ್ಲರು.

ಸಾಲದ ವಿಷಯಕ್ಕೆ ಬರೋಣ, ಏಕೆಂದರೆ ಮನೆ ಒಡೆಯುವುದು ಅಲ್ಲಿಯೇ. ನೂರಕ್ಕೆ ಮೂರರ ಬಡ್ಡಿ ಎಂದರೆ ಕಿವಿಗೆ ಹಗುರಾಗಿ ಕೇಳುತ್ತದೆ. 50,000 ರೂಪಾಯಿಗೆ ತಿಂಗಳಿಗೆ 1,500, ವರ್ಷಕ್ಕೆ 18,000. ಅಸಲು ಇದ್ದಲ್ಲೇ ಇರುತ್ತದೆ. ಮೇಲೆ ಹೇಳಿದ 5,000ದ ಮನೆಯಲ್ಲಿ ಈ 1,500 ತೆಗೆದರೆ ಉಳಿಯುವುದು 3,500. ಆ ಕೊರತೆ ತುಂಬಲು ಹೆಂಗಸರು ಒಂದು ಸಂಘದಲ್ಲಿ ಸಾಲ ಎತ್ತುತ್ತಾರೆ, ಅದರ ವಾರದ ಕಂತಿಗೆ ಇನ್ನೊಂದು ಕಂಪನಿಯ ಸಾಲ, ಅದರ ಕಂತಿಗೆ ಕೊರಳಿನ ತಾಳಿ. ವಸೂಲಿಗಾರರ ಕಾಟಕ್ಕೆ ಕಡಿವಾಣ ಹಾಕಲು 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂದದ್ದು ಸ್ವಾಗತಾರ್ಹ. ಬಾಗಿಲಿಗೆ ಬಂದು ಬೆದರಿಸುವವನನ್ನು ಕಾನೂನು ತಡೆದೀತು. ಸಹಿ ಹಾಕುವ ಕೈಯನ್ನು ತಡೆಯಬೇಕಾದವರು ಮನೆಯವರು.

ಸಹಕಾರಿ ಸಂಘವೆಂಬುದು ಹುಟ್ಟಿದ್ದೇ ಬಡ್ಡಿಯ ಬಾಯಿಂದ ರೈತನನ್ನು ಬಿಡಿಸಲು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿದರು. ಅಂಥ ಸಂಘಗಳ ಬೆಳೆಸಾಲಕ್ಕೆ, ಹೇಳಿದ ದಿನದೊಳಗೆ ಕಟ್ಟಿದವರಿಗೆ, ನಮ್ಮ ರಾಜ್ಯದಲ್ಲಿ ಬಡ್ಡಿಯೇ ಇಲ್ಲ. 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಗಿದೆ. ದಿನ ತಪ್ಪಿದರೆ ಮಾತ್ರ ಈ ಸೌಲಭ್ಯ ಕೈಬಿಡುತ್ತದೆ. ಸುಗ್ಗಿಯ ಹಣದಲ್ಲಿ ಮೊದಲು ಸೊಸೈಟಿಯ ಪಾಲನ್ನು ತೆಗೆಯಿರೆಂದು ಹೇಳಿದ್ದು ಇದಕ್ಕಾಗಿಯೇ. ಮಿತಿ 5 ಲಕ್ಷವಾಯಿತೆಂದು 5 ಲಕ್ಷವನ್ನೂ ತರಬೇಕೆಂದಿಲ್ಲ.

ಖರ್ಚುಗಳಲ್ಲಿ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುವುದು ಮದುವೆ. ಬೀಗರ ಮುಂದೆ ಮರ್ಯಾದೆ ಎಂಬ ಒಂದು ಮಾತಿಗೆ ಎರಡು ಎಕರೆ ಹೊಲ ಅಡವಾಗುತ್ತದೆ. ಸುತ್ತೂರು ಜಾತ್ರೆಯೂ ಸೇರಿದಂತೆ ಅನೇಕ ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ. ಅಲ್ಲಿ ಬಡವರು ಮಾತ್ರ ಹಸೆಮಣೆ ಏರುವುದು ಏಕೆ? ಊರಗೌಡರು, ನೌಕರದಾರರು ತಮ್ಮ ಮಕ್ಕಳನ್ನು ಅದೇ ಪಂದಿಯಲ್ಲಿ ಕೂಡಿಸಿದರೆ ಸಾಲದ ಮದುವೆಯ ಅರ್ಧ ಮೆರುಗು ಅಂದೇ ಇಳಿಯುತ್ತದೆ. ದುಶ್ಚಟಕ್ಕೆ ಹೋಗುವ ಹಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದ್ದು ಕಾಣಿಕೆಯನ್ನಲ್ಲ, ಭಕ್ತರ ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತಿದೆ.

ಇನ್ನು ದಾಸೋಹದ ಪಾಲು. ಇಷ್ಟೆಲ್ಲ ಬಿಗಿ ಹಿಡಿದರೆ ಗುರು ಲಿಂಗ ಜಂಗಮರಿಗೆ ಸಲ್ಲುವುದೇನು ಎಂದು ಹಿರಿಯರು ಕೇಳಬಹುದು. ಅಡುಗೆಗೆ ಅಕ್ಕಿ ತೆಗೆಯುವಾಗ ದಿನವೂ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿ, ತುಂಬಿದ ಮೇಲೆ ಮಠಕ್ಕೆ ಮುಟ್ಟಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಇತ್ತು. ಆ ಹಿಡಿಯಿಂದ ಯಾರ ಮನೆಯೂ ಬಡವಾಗಲಿಲ್ಲ, ಮಠದ ಮಕ್ಕಳೂ ಹಸಿಯಲಿಲ್ಲ. ಈಗಲೂ ಅದು ನಡೆಯಬಹುದು. ಆದರೆ ನೂರಕ್ಕೆ ಮೂರರ ಬಡ್ಡಿಗೆ ಹಣ ತಂದು ಪಾದಪೂಜೆಯ ಪೆಂಡಾಲು ಹಾಕುವ, ಜಾತ್ರೆಯ ವಂತಿಗೆ ಬರೆಸುವ ಭಕ್ತರನ್ನು ನಾವು ಕಾಣುತ್ತಿದ್ದೇವೆ. ಇಲ್ಲಿ ಭಕ್ತರಿಗಿಂತ ಮಠಗಳ ಹೊಣೆ ದೊಡ್ಡದು. ಕಾಣಿಕೆಯ ತಟ್ಟೆ ಹಿಡಿದು ಬಂದವನನ್ನು, ಈ ದುಡ್ಡು ಎಲ್ಲಿಯದಪ್ಪಾ ಎಂದು ಪೂಜ್ಯರು ಒಂದು ಮಾತು ಕೇಳಬೇಕು. ಸಾಲದ್ದೆಂದು ತಿಳಿದರೆ ತೆಂಗಿನಕಾಯಿಯನ್ನಷ್ಟೇ ಸ್ವೀಕರಿಸಿ ಉಳಿದುದನ್ನು ಅವನ ಕೈಗೇ ಮರಳಿಸಬೇಕು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ್ದನ್ನು ಶ್ರಾವಣದ ಪುರಾಣದಲ್ಲಿ ವರ್ಷವರ್ಷವೂ ಹೇಳುವ ಮಠಗಳಿಗೆ ಇದು ಅಶಕ್ಯವೇನಲ್ಲ.