ನಿಲ್ಲಬಲ್ಲವನೇ ಏರಬಲ್ಲನು

ಏರುವುದು ತೋಳ್ಬಲದ ಕಾರ್ಯವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಮರವೇರುವ ಬಾಲಕನನ್ನು ಕಂಡಾಗ ನಮ್ಮ ದೃಷ್ಟಿ ಅವನ ಕೈಗಳತ್ತ ಹರಿಯುವುದೇ ಹೊರತು ಪಾದಗಳತ್ತ ಹರಿಯುವುದಿಲ್ಲ. ಇಂದು ನಗರಗಳ ಮಕ್ಕಳು ಒಳಾಂಗಣದಲ್ಲಿ, ಬಣ್ಣದ ಹಿಡಿಗಳನ್ನು ಬಿಗಿದ ಕೃತಕ ಗೋಡೆಗಳನ್ನು ಏರುತ್ತಿದ್ದಾರೆ. ಈ ವಿದ್ಯೆಯ ಮರ್ಮವಿರುವುದು ಪಾದಗಳಲ್ಲಿಯೇ.

1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಡಾನ್ ರಾಬಿನ್ಸನ್ ಅವರು ಮೊಗಸಾಲೆಯೊಂದರ ಗೋಡೆಯಲ್ಲಿ ಕಲ್ಲಿನ ತುಣುಕುಗಳನ್ನು ಹುದುಗಿಸಿ, ಬಂಡೆಯೇರುವವರ ಅಭ್ಯಾಸಕ್ಕೆ ಅನುವು ಮಾಡಿದರು. ಮುಂದೆ ಗೋಡೆಯೇರುವುದೇ ಒಂದು ಸ್ವತಂತ್ರ ಕ್ರೀಡೆಯಾಗಿ ಬೆಳೆದು, 2021ರಲ್ಲಿ ಜರುಗಿದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪ್ರಥಮ ಬಾರಿಗೆ ಸ್ಥಾನ ಪಡೆಯಿತು.

ದೇಹದ ಗುರುತ್ವಕೇಂದ್ರವು ಸುಮಾರಾಗಿ ನಾಭಿಯ ಬಳಿ ಇರುತ್ತದೆ. ಅದು ಪಾದಗಳ ಮೇಲೆ ನೆಲೆಗೊಂಡಾಗ ಭಾರವನ್ನು ಕಾಲುಗಳು ಹೊರುತ್ತವೆ. ಹೊರಕ್ಕೆ ಸರಿದಷ್ಟೂ ಭಾರವು ಬೆರಳುಗಳ ಮೇಲೆ ಬೀಳುತ್ತದೆ. ಆದುದರಿಂದ ನೆಟ್ಟನೆಯ ಗೋಡೆಯಲ್ಲಿ ಸೊಂಟವನ್ನು ಗೋಡೆಗೆ ಸಮೀಪವಿರಿಸಿ, ತೋಳುಗಳನ್ನು ನೀಳವಾಗಿ ಬಿಟ್ಟು, ಹೆಬ್ಬೆರಳ ತುದಿಯಿಂದ ಮೆಟ್ಟಬೇಕು. ಇಳಿಜಾರಾದ ಗೋಡೆಯಲ್ಲಾದರೋ ಸೊಂಟವನ್ನು ತುಸು ಹೊರಗಿರಿಸಿ ಪಾದಗಳ ಮೇಲೆ ನೇರವಾಗಿ ನಿಲ್ಲಬೇಕು.

ಬಲಗೈ, ಬಲಗಾಲುಗಳನ್ನು ಮಾತ್ರ ಊರಿ ಎಡಗೈಯನ್ನು ಮೇಲಕ್ಕೆ ಚಾಚಿದರೆ, ಚಿಲಕವಿಲ್ಲದ ಕದ ಗಾಳಿಗೆ ತೆರೆಯುವಂತೆ ದೇಹವು ಹೊರಕ್ಕೆ ತಿರುಗುತ್ತದೆ. ಆಗ ಎಡಗಾಲನ್ನು ಬಲಗಾಲಿನ ಹಿಂದಿನಿಂದ ಬಲಕ್ಕೆ ಚಾಚಿ ಗೋಡೆಗೆ ಒತ್ತಬೇಕು. ಆ ಕಾಲೇ ಕದಕ್ಕೆ ಚಿಲಕವಾಗುತ್ತದೆ.

ಇದನ್ನು ರೂಢಿಸಿಕೊಳ್ಳಲು ಎರಡು ಸರಳ ಅಭ್ಯಾಸಗಳುಂಟು. ಶಿಕ್ಷಕರ ಸಮ್ಮುಖದಲ್ಲಿ, ಕೆಳಗೆ ಮೆತ್ತೆಯಿರುವ ಸುಲಭವಾದ ಗೋಡೆಯ ಮೇಲೆ, ನೆಲಕ್ಕೆ ಸಮೀಪದಲ್ಲಿಯೇ ಇವನ್ನು ಮಾಡಬೇಕು. ಮೊದಲನೆಯದು, ಪಾದವನ್ನು ಸದ್ದಿಲ್ಲದೆ ಇರಿಸುವುದು; ಒಮ್ಮೆ ಇರಿಸಿದ ಮೇಲೆ ಕದಲಿಸದಿರುವುದು. ಎರಡನೆಯದು, ಮುಂದಿನ ಹಿಡಿಯ ಸಮೀಪಕ್ಕೆ ಕೈಯೊಯ್ದು, ಅದನ್ನು ಮುಟ್ಟದೆ ಮೂರು ಎಣಿಸುವವರೆಗೆ ನಿಲ್ಲುವುದು. ನಿಲ್ಲಲಾರದಿದ್ದರೆ ದೇಹವು ಇನ್ನೂ ಸಮತೋಲನಕ್ಕೆ ಬಂದಿಲ್ಲವೆಂದೇ ಅರ್ಥ. ಪಾದವನ್ನೋ ಸೊಂಟವನ್ನೋ ಸರಿಪಡಿಸಿಕೊಂಡು ಪುನಃ ಯತ್ನಿಸಬೇಕು.

ತಾಯ್ತಂದೆಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಬೆಳೆಯುವ ಮಕ್ಕಳ ಬೆರಳೆಲುಬುಗಳಲ್ಲಿ ಬೆಳವಣಿಗೆಯ ಮೃದುವಾದ ಭಾಗಗಳಿರುತ್ತವೆ. ಬೆರಳುಗಳಿಂದಲೇ ಮತ್ತೆ ಮತ್ತೆ ಜಗ್ಗಿ ಏರಿದರೆ ಅವುಗಳಿಗೆ ಪೆಟ್ಟಾಗಬಹುದು, ಬಿರುಕೂ ಬಿಡಬಹುದು. ಬೆರಳು ನೋಯುತ್ತಿದೆಯೆಂದು ಮಗು ಹೇಳಿದಾಗ, "ಇನ್ನೊಮ್ಮೆ ಏರು" ಎಂದು ಹುರಿದುಂಬಿಸುವುದು ಪ್ರೀತಿಯಲ್ಲ. ಏರುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸುವುದೇ ವಿವೇಕ.

ಮಗು ಮನೆಗೆ ಮರಳಿದಾಗ "ಎಷ್ಟು ಎತ್ತರ ಏರಿದೆ?" ಎಂದು ಕೇಳುವುದು ನಮ್ಮೆಲ್ಲರ ವಾಡಿಕೆ. ಇನ್ನು ಮೇಲೆ "ಎಲ್ಲೆಲ್ಲಿ ನೆಮ್ಮದಿಯಿಂದ ನಿಂತೆ?" ಎಂದು ಕೇಳಿ ನೋಡೋಣ. ಆ ಪ್ರಶ್ನೆಗೆ ಉತ್ತರ ಹುಡುಕುವ ಮಗುವಿನ ಲಕ್ಷ್ಯವು ತಾನಾಗಿಯೇ ಪಾದಗಳತ್ತ ತಿರುಗುವುದು.