ಹುಲ್ಲಿಗೆ ಹತ್ತು ವರ್ಷ ಸಾಲದು: ಅಮೆರಿಕದ ಕೃಷಿ ಕಾರ್ಯದರ್ಶಿಯವರಿಗೆ ಬಹಿರಂಗ ಪತ್ರ



ಕೊಲರಾಡೊದ ಆಗ್ನೇಯ ಮೂಲೆಯ ಬಾಕಾ ಕೌಂಟಿ 1930ರ ದಶಕದ ಧೂಳುಬಿರುಗಾಳಿಗೆ ಸಿಕ್ಕಿ ನಲುಗಿದ ಸೀಮೆ. ಗೋಧಿಗೆ ಬೆಲೆಯಿದ್ದಾಗ ಜನ ಹುಲ್ಲುಗಾವಲನ್ನು ಉತ್ತರು. ಆಮೇಲೆ ಮಳೆ ಕೈಕೊಟ್ಟಿತು, ಮೇಲ್ಮಣ್ಣು ಗಾಳಿಪಾಲಾಯಿತು. ಹಾಳುಬಿದ್ದ ಹೊಲಗಳನ್ನು ಸರ್ಕಾರವೇ ಕೊಂಡು ಮತ್ತೆ ಹುಲ್ಲು ಬೆಳೆಸಬೇಕಾಯಿತು. ಇಂದಿನ ಕಮ್ಯಾಂಚಿ ರಾಷ್ಟ್ರೀಯ ಹುಲ್ಲುಗಾವಲಿನ ಮೂಲ ಅದೇ. ಮಣ್ಣು ಹೋದ ಮೇಲೆ ಜಮೀನು ಕೊಳ್ಳುವುದಕ್ಕಿಂತ ಹೋಗದಂತೆ ನೋಡಿಕೊಳ್ಳುವುದು ಅಗ್ಗ. 1985ರ ಕೃಷಿ ಕಾಯ್ದೆಯಲ್ಲಿ (ಫಾರ್ಮ್ ಬಿಲ್) ಬಂದ ‘ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ’ ಮಾಡುತ್ತಿರುವುದು ಈ ಕೆಲಸವನ್ನೇ. ಸವಕಳಿಗೆ ಈಡಾಗುವ ಜಮೀನನ್ನು ಉಳದೆ ಹುಲ್ಲಿಗೆ ಬಿಟ್ಟ ಮಾಲೀಕರಿಗೆ ಸರ್ಕಾರ 10ರಿಂದ 15 ವರ್ಷ ಗೇಣಿ ಕೊಡುತ್ತದೆ, ಹುಲ್ಲು ಬಿತ್ತುವ ಖರ್ಚಿನಲ್ಲಿ ಅರ್ಧದವರೆಗೂ ಭರಿಸುತ್ತದೆ. ಈ ಯೋಜನೆ ಇರಲೇಬೇಕು. ನನ್ನ ತಕರಾರು ಒಪ್ಪಂದ ಮುಗಿದ ಮರುದಿನದ ಬಗ್ಗೆ.

ಬಾಕಾದ ಖುಷ್ಕಿ ನೆಲದಲ್ಲಿ ಬ್ಲೂ ಗ್ರಾಮಾದಂಥ ನಾಡಹುಲ್ಲು ಬೇರೂರಲು ಎರಡು ಮೂರು ವರ್ಷ ಬೇಕು. ಸತ್ತ ಮಣ್ಣಿಗೆ ಜೀವಾಂಶ ಮರಳಲು ದಶಕಗಳೇ ಬೇಕು. ಇಷ್ಟನ್ನೂ ಕಳೆಯಲು ಮಾತ್ರ ಒಂದು ಹಂಗಾಮು ಸಾಕು: ಕಳೆನಾಶಕ ಹೊಡೆದು ಟ್ರ್ಯಾಕ್ಟರ್ ಹಾಯಿಸಿದರೆ ಮುಗಿಯಿತು. 2007ರಲ್ಲಿ ಈ ಯೋಜನೆಯಡಿ ದೇಶದಲ್ಲಿ 3 ಕೋಟಿ 68 ಲಕ್ಷ ಎಕರೆ ಇತ್ತು. ಬಳಿಕ ಧಾನ್ಯದ ಬೆಲೆ ಏರಿತು, ಒಪ್ಪಂದ ತೀರಿದ ಎಷ್ಟೋ ಹುಲ್ಲು ನೆಲ ಮತ್ತೆ ಹೊಲವಾಯಿತು. 2014ರ ಕಾಯ್ದೆಯಂತೂ ಗರಿಷ್ಠ ಮಿತಿಯನ್ನೇ 2 ಕೋಟಿ 40 ಲಕ್ಷ ಎಕರೆಗೆ ಇಳಿಸಿತು. ಹೊಸದಾಗಿ ಬಿತ್ತಲು ಹಣ ಕೊಡುವ ಸರ್ಕಾರ, ಬೆಳೆದು ನಿಂತದ್ದನ್ನು ಉಳಿಸಲು ಕೈ ಬಿಗಿಹಿಡಿಯುವುದು ಯಾವ ಲೆಕ್ಕ?

ದಾರಿ ಇಲ್ಲವೆಂದಲ್ಲ. 2018ರ ಕಾಯ್ದೆಯ ‘ಕ್ಲಿಯರ್ 30’ ಎಂಬ ಪ್ರಯೋಗ ಮುಗಿಯುತ್ತಿರುವ ಒಪ್ಪಂದಗಳಿಗೆ 30 ವರ್ಷದ ಅವಕಾಶ ಕೊಟ್ಟಿದೆ. ಆದರೆ ಅದು ನೀರಿನ ಗುಣಮಟ್ಟ ಕಾಯುವ ಜಮೀನುಗಳಿಗೆ ಮಾತ್ರ. ಗಾಳಿಗೆ ಮಣ್ಣು ಕಳೆದುಕೊಳ್ಳುವ ಬಾಕಾದಂಥ ಒಣ ಬಯಲಿಗೂ ಅದು ಬರಬೇಕು.

ಊರು ಬಡವಾಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾರೆ. ಉಳುಮೆ ನಿಂತರೆ ಬೀಜ, ಗೊಬ್ಬರ, ಡೀಸೆಲ್ ಮಾರುವವರಿಗೆ, ಧಾನ್ಯದ ಗೋದಾಮಿಗೆ ಪೆಟ್ಟು. ಕೌಂಟಿಯೊಂದರ ಸಾಗುವಳಿ ಭೂಮಿಯಲ್ಲಿ ಶೇ. 25ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಈ ಯೋಜನೆಗೆ ಸೇರಬಾರದೆಂಬ ನಿಯಮ ಇರುವುದು ಇದಕ್ಕೇ, ಅದು ಇರಲಿ. ಆದರೆ ದೀರ್ಘ ಒಪ್ಪಂದದಲ್ಲಿ ಮಿತವಾಗಿ ದನ ಮೇಯಿಸಲು ಬಿಟ್ಟರೆ ಬೇಲಿ, ನೀರಿನ ತೊಟ್ಟಿ, ಪಶುವೈದ್ಯ, ದನದ ಸಂತೆ ಎಲ್ಲಕ್ಕೂ ಕೆಲಸ ಉಳಿಯುತ್ತದೆ. ಹೊಲಕ್ಕೆ ಬಂಡವಾಳ ಹೂಡಲಾಗದ ಹೊಸ ರೈತನಿಗೂ ಹುಲ್ಲುಗಾವಲು ಗೇಣಿಗೆ ಸಿಗುತ್ತದೆ. ಇನ್ನು, ಮಾಲೀಕನ ಕೈ ಕಟ್ಟಿದಂತಾಗುತ್ತದೆ ಎನ್ನುವವರಿಗೆ: ಸಹಿ ಹಾಕುವುದು ಬಿಡುವುದು ಅವನಿಗೇ ಬಿಟ್ಟದ್ದು. ಆಹಾರ ಕಡಿಮೆಯಾದೀತು ಎಂಬ ಭಯವೂ ಇಲ್ಲಿ ಹೊಂದುವುದಿಲ್ಲ. ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಳೆ ಬೀಳುವ ಸಡಿಲ ಮಣ್ಣು ಅಮೆರಿಕದ ಕಣಜವಲ್ಲ.

ಮುಂದಿನ ಫಾರ್ಮ್ ಬಿಲ್‌ನಲ್ಲಿ ಈ 30 ವರ್ಷದ ಒಪ್ಪಂದವನ್ನು ಒಣ ಬಯಲಿನ ಹುಲ್ಲು ನೆಲಕ್ಕೂ ವಿಸ್ತರಿಸುವಂತೆ ಕಾಂಗ್ರೆಸ್ಸಿಗೆ ತಾವೇ ಶಿಫಾರಸು ಮಾಡಬೇಕು. ಅಲ್ಲಿಯವರೆಗೆ, ಒಪ್ಪಂದದ ಅವಧಿ ತೀರುವ ಪ್ರತಿ ಮಾಲೀಕನಿಗೂ, ಹುಲ್ಲು ಉಳಿಸಿಕೊಂಡು ದನ ಮೇಯಿಸಲು ಈಗಾಗಲೇ ಇರುವ ಒಪ್ಪಂದದ ವಿವರವನ್ನು ಒಂದು ವರ್ಷ ಮೊದಲೇ ತಲುಪಿಸುವಂತೆ ಕೌಂಟಿ ಕಚೇರಿಗಳಿಗೆ ಆದೇಶಿಸಿ.