ರಾಳ ಹೆಚ್ಚಿದರೆ ಬಲ ಹೆಚ್ಚುವುದೆ?

ಬಾಲ್ಸಾ ಮರದಿಂದ ಮಾಡಿದ ಮಾದರಿ ವಿಮಾನದ ರೆಕ್ಕೆಗೆ ತೆಳುವಾದ ಫೈಬರ್‌ಗ್ಲಾಸ್ ಬಟ್ಟೆಯನ್ನು ಹೊದಿಸಿ, ಎಪಾಕ್ಸಿ ರಾಳದಿಂದ ಅಂಟಿಸುವ ಕ್ರಮವನ್ನು ಹವ್ಯಾಸಿಗಳು ಬಲ್ಲರು. ರಾಳವನ್ನು ದಪ್ಪವಾಗಿ ಬಳಿದಷ್ಟೂ ರೆಕ್ಕೆ ಗಟ್ಟಿಯಾಗುವುದೆಂಬ ನಂಬಿಕೆಯೂ ಅವರಲ್ಲಿ ಅನೇಕರಿಗೆ ಉಂಟು. ಈ ನಂಬಿಕೆಯನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ನಾವೂ ಒಮ್ಮೆ ಈ ತಪ್ಪನ್ನು ಮಾಡಿದವರೇ. ವಿದ್ಯಾರ್ಥಿಗಳೊಡನೆ ಕಟ್ಟಿದ ವಿಮಾನದ ರೆಕ್ಕೆ ಕನ್ನಡಿಯಂತೆ ಹೊಳೆಯಿತು; ನೋಡಿದವರೆಲ್ಲ ಮೆಚ್ಚಿದರು. ಆದರೆ ಇಳಿಯುವಾಗ ವೇಗ ತಗ್ಗಿದೊಡನೆ ಅದು ಬಲಕ್ಕೆ ವಾಲಿ ನೆಲಕ್ಕೆ ಅಪ್ಪಳಿಸಿತು. ಬಳಿಕ ತುಂಡುಗಳನ್ನು ತೂಗಿ, ಹೊದಿಕೆಗೆ ಮುಂಚಿನ ತೂಕದೊಡನೆ ಹೋಲಿಸಿದೆವು. 25 ಗ್ರಾಂ ಬಟ್ಟೆಗೆ 75 ಗ್ರಾಂ ರಾಳ ಸೇರಿತ್ತು. ಅದರಲ್ಲಿಯೂ ಹೆಚ್ಚಿನ ಪಾಲು ಬಲರೆಕ್ಕೆಯಲ್ಲಿತ್ತು.

ಬಟ್ಟೆಯಷ್ಟೇ ತೂಕದ ರಾಳ, ಅಂದರೆ 25 ಗ್ರಾಂ, ಸಾಕಾಗಿದ್ದಿತು. 500 ಗ್ರಾಂ ಇರಬೇಕಾಗಿದ್ದ ವಿಮಾನ 550 ಗ್ರಾಂ ಆಯಿತು. ಗಾಳಿಯಲ್ಲಿ ತೇಲಿರಲು ಬೇಕಾದ ಕನಿಷ್ಠ ವೇಗವು ತೂಕದ ವರ್ಗಮೂಲದಂತೆ ಏರುವುದರಿಂದ, ಇಳಿಯುವ ವೇಗವೂ ನೂರಕ್ಕೆ ಐದರಷ್ಟು ಏರಬೇಕಾಯಿತು. ನಾವು ಹಳೆಯ ವೇಗದಲ್ಲಿಯೇ ಇಳಿಸಲು ಹೋದೆವು.

ಹಾಗಾದರೆ ಬಲವಿರುವುದು ಎಲ್ಲಿ? ಗಾಜಿನ ಎಳೆಯಲ್ಲಿ. ಗಾಜು ಒಡೆಯುವ ವಸ್ತುವೆಂದು ನಾವು ತಿಳಿದಿದ್ದರೂ, ಅದನ್ನು ಸಣ್ಣ ಎಳೆಯಾಗಿ ಎಳೆದಷ್ಟೂ ಅದರ ಬಲ ಹೆಚ್ಚುವುದೆಂದು ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಗಾಜಿನ ಎಳೆ ಎಳೆತಕ್ಕೆ ಹಿಗ್ಗದೆ ನಿಲ್ಲುವ ಶಕ್ತಿಯಲ್ಲಿ ರಾಳಕ್ಕಿಂತ ಸುಮಾರು 20 ಪಟ್ಟು ಮಿಗಿಲು. ರಾಳದ ಕೆಲಸ ಎಳೆಗಳನ್ನು ಅವುಗಳ ಸ್ಥಾನದಲ್ಲಿ ಹಿಡಿದು, ಭಾರವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದಷ್ಟೆ. ರೆಕ್ಕೆ ಬಾಗುವಾಗ ಅತಿ ಹೆಚ್ಚು ಎಳೆತ ಮತ್ತು ಒತ್ತಡಗಳು ಉಂಟಾಗುವುದು ಹೊರಮೈಯಲ್ಲಿ. ಆದುದರಿಂದಲೇ ಅಲ್ಲಿ ಹೊದಿಸಿದ ತೆಳುಬಟ್ಟೆ ಅಷ್ಟು ಪ್ರಯೋಜನಕಾರಿ.

ಇದು ಆಟಿಕೆಗೆ ಮಾತ್ರ ಸಲ್ಲುವ ತತ್ತ್ವವಲ್ಲ. 1957ರಲ್ಲಿ ಜರ್ಮನಿಯಲ್ಲಿ ಹಾರಿದ ಫೀನಿಕ್ಸ್ ಎಂಬ ಗ್ಲೈಡರಿನ ಮೈಯನ್ನು ಗಾಜಿನ ನಾರು ಮತ್ತು ಬಾಲ್ಸಾ ಮರಗಳಿಂದಲೇ ರಚಿಸಿದ್ದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿ, 1993ರಲ್ಲಿ ಮೊದಲು ಹಾರಿದ ಹಂಸ ವಿಮಾನವೂ ನಾರು-ರಾಳಗಳ ಜೋಡಣೆಯಿಂದಾದುದು.

ರಾಳ ತೀರ ಕಡಮೆಯಾದರೂ ದೋಷವೇ. ನೆನೆಯದ ಎಳೆ ಬೆಳ್ಳಗೆ ಉಳಿದು ಮರದಿಂದ ಕಳಚುವುದು. ಒಣಬಟ್ಟೆಯನ್ನು ಸುಕ್ಕಿಲ್ಲದೆ ಹಾಸಿ, ನಡುವೆ ಸ್ವಲ್ಪ ರಾಳ ಸುರಿದು, ಗಟ್ಟಿ ಕಾರ್ಡಿನ ಅಂಚಿನಿಂದ ಹೊರಕ್ಕೆ ಎಳೆಯುತ್ತ ಹೋಗಬೇಕು. ಬಟ್ಟೆ ಪಾರದರ್ಶಕವಾದ ಮೇಲೆ ಮಿಕ್ಕಿದ್ದನ್ನು ಹೆರೆದು ತೆಗೆಯಬೇಕು. ಮೇಲ್ಮೈ ಹೊಳೆಯದೆ, ನೇಯ್ಗೆಯ ಗುರುತು ಉಳಿದಿದ್ದರೆ ಅದೇ ಸರಿಯಾದ ಹದ.

ಬೇಗ ಗಟ್ಟಿಯಾಗಲೆಂದು ಹಾರ್ಡನರನ್ನು ಹೆಚ್ಚಿಗೆ ಬೆರೆಸುವ ಅಭ್ಯಾಸವೂ ತರವಲ್ಲ. ಎಪಾಕ್ಸಿಯಲ್ಲಿ ಇವೆರಡರ ಅಣುಗಳು ನಿಶ್ಚಿತ ಪ್ರಮಾಣದಲ್ಲಿ ಕೂಡುತ್ತವೆ. ಹೆಚ್ಚಾದುದು ಕೂಡದೆ ಉಳಿದು ರಾಳವನ್ನು ದುರ್ಬಲಗೊಳಿಸುತ್ತದೆ. ಈ ದ್ರವಗಳು ಚರ್ಮಕ್ಕೆ ಪದೇ ಪದೇ ತಗುಲಿದರೆ ಜೀವಮಾನವಿಡೀ ಉಳಿಯುವ ಅಲರ್ಜಿ ಬರಬಹುದು. ಆದುದರಿಂದ ಕೈಚೀಲವೂ, ಉಪ್ಪುಕಾಗದದಿಂದ ಉಜ್ಜುವಾಗ ಮುಖಗವಸೂ ಕಡ್ಡಾಯ.

ವಿಮಾನ ಕಟ್ಟುವ ವಿದ್ಯಾರ್ಥಿಗಳಿಗೆ ಕಾಲೇಜುಗಳು ಬಣ್ಣಕ್ಕೆ ಮೊದಲು ಒಂದು ಒಳ್ಳೆಯ ತಕ್ಕಡಿಯನ್ನು ಕೊಡಲಿ. ಪ್ರತಿ ಹಂತದಲ್ಲಿಯೂ ತೂಗಿ ಬರೆದಿಡುವ ವಿದ್ಯಾರ್ಥಿ ಭೌತಶಾಸ್ತ್ರವನ್ನು ಕೈಯಿಂದಲೇ ಕಲಿಯುತ್ತಾನೆ. ಎಷ್ಟು ಬಳಿಯಬೇಕೆಂಬುದಕ್ಕಿಂತ ಎಷ್ಟನ್ನು ತೆಗೆಯಬಹುದೆಂದು ಅವನು ಕೇಳತೊಡಗಿದ ದಿನ, ಅವನ ವಿಮಾನ ಕ್ಷೇಮವಾಗಿ ನೆಲಕ್ಕೆ ಇಳಿಯುವುದು.